ಗ್ರಹಣದ ರಟ್ಟಿನ ಕನ್ನಡಕ: ಕನ್ನಡಕಕ್ಕೆ ನಾಲ್ಕು, ಜೊತೆಗೆ ಬಂದ ಚೀಟಿಗೆ ಒಂದು

ಮೊದಲೇ ಅಂಕ ಹೇಳಿಬಿಡುತ್ತೇನೆ. ಈ ರಟ್ಟಿನ ಗ್ರಹಣ ಕನ್ನಡಕಕ್ಕೆ ಐದಕ್ಕೆ ನಾಲ್ಕು. ಪ್ಯಾಕೆಟ್ಟಿನೊಳಗೆ ಮಡಚಿ ಇಟ್ಟಿದ್ದ ‘ಪಾರ್ಶ್ವ ಸೂರ್ಯಗ್ರಹಣ ಹೇಗೆ ಆಗುತ್ತದೆ’ ಎಂಬ ಚೀಟಿಗೆ ಒಂದು, ಅದೂ ಕಾಗದ ದಪ್ಪಗಿತ್ತು ಅನ್ನುವ ಕಾರಣಕ್ಕೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಅಚ್ಚಿನ ಮಾಲು ಹತ್ತಾರು ಹೆಸರಲ್ಲಿ ಸಿಗುತ್ತದೆ, ಚೀಟಿಯೂ ಅವುಗಳ ಜೊತೆಗೇ ಸುತ್ತುತ್ತಿರುತ್ತದೆ.

ನನ್ನ ಹೊಟ್ಟೆಪಾಡೇ ಕನ್ನಡಕ. ಲೆನ್ಸ್ ಉಜ್ಜುವುದು, ಫ್ರೇಮಿಗೆ ಕೂರಿಸುವುದು, ಗಿರಾಕಿಯ ಕಿವಿಗೆ ಒತ್ತದ ಹಾಗೆ ಕಡ್ಡಿ ಬಗ್ಗಿಸಿ ಕೊಡುವುದು. ನಾನೂ ದಪ್ಪ ಮೈನಸ್ ಪವರ್‌ನವಳು. ಹಾಗಾಗಿ ಇದನ್ನು ಆಟದ ಸಾಮಾನಿನಂತೆ ನೋಡುವುದು ನನ್ನಿಂದ ಆಗಲಿಲ್ಲ. ಪ್ಯಾಕೆಟ್ ಒಡೆದ ತಕ್ಷಣ ಮಾಡಿದ ಕೆಲಸ ಫಿಲ್ಮನ್ನು ತಿರುಗಿಸಿ ಅಂಚು ನೋಡಿದ್ದು.

ಎರಡು ಪದರ ರಟ್ಟು, ನಡುವೆ ಕಪ್ಪು ಪಾಲಿಮರ್ ಫಿಲ್ಮ್. ಅಂಟು ಸುತ್ತಲೂ ಸಮನಾಗಿ ಹಿಡಿದಿದೆ, ಮೂಗಿನ ಕಡೆಯ ಮೂಲೆಯಲ್ಲೂ ಬಿಟ್ಟಿಲ್ಲ. ಅಗ್ಗದ ಮಾಲಿನಲ್ಲಿ ಮೊದಲು ಏಳುವುದು ಆ ಮೂಲೆಯೇ. ಫಿಲ್ಮ್ ಸ್ವಲ್ಪ ಸುಕ್ಕಾಗಿತ್ತು. ಸುಕ್ಕಿಗೆ ಹೆದರಬೇಕಾಗಿಲ್ಲ, ದೂರದರ್ಶಕವಿಲ್ಲದೆ ಹೀಗೆ ಹಾಕಿಕೊಂಡು ನೋಡುವಾಗ ಅದು ಚಿತ್ರವನ್ನು ಕೆಡಿಸುವುದಿಲ್ಲ. ಹೆದರಬೇಕಾದದ್ದು ಗೀರಿಗೆ, ಸೂಜಿಮೊನೆಯಷ್ಟು ತೂತಿಗೆ. ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚಿನ ಎದುರು ಫಿಲ್ಮ್ ಹಿಡಿದು ಒಂದೊಂದನ್ನೂ ನೋಡಿದೆ. ಒಂದರ ಬಲಗಣ್ಣಿನ ಕಡೆ ಬೆಳ್ಳಗೆ ಒಂದು ಚುಕ್ಕೆ ಹೊಳೆಯಿತು. ಅದನ್ನು ಪಕ್ಕಕ್ಕೆ ಹಾಕಿದೆ, ಅರ್ಧ ಅಂಕ ಹೋಗಿದ್ದು ಅಲ್ಲಿ. ಮಿಕ್ಕವುಗಳನ್ನು ಹಾಕಿಕೊಂಡರೆ ಟ್ಯೂಬ್‌ಲೈಟ್ ಕಾಣಲಿಲ್ಲ, ಕಿಟಕಿ ಕಾಣಲಿಲ್ಲ, ಎದುರಿಗೆ ಕೂತಿದ್ದ ತಂಗಿಯೂ ಕಾಣಲಿಲ್ಲ. ಹಾಗೇ ಇರಬೇಕು. ಕನ್ನಡಕ ಹಾಕಿಕೊಂಡು ಕೋಣೆಯಲ್ಲಿ ಏನಾದರೂ ಕಂಡರೆ ಅದು ಸೂರ್ಯನಿಗೆ ಆಗಿಬರುವ ಮಾಲಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಮನೆಯಲ್ಲಿ ಮಾಡುವ ಈ ಪರೀಕ್ಷೆ ಕೆಟ್ಟದ್ದನ್ನು ಹಿಡಿಯುತ್ತದೆ, ಒಳ್ಳೆಯದೆಂದು ಪ್ರಮಾಣ ಮಾಡುವುದಿಲ್ಲ. ಕಣ್ಣಿಗೆ ಕಾಣದ ಅತಿನೇರಳೆ, ಅವಕೆಂಪು ಕಿರಣಗಳನ್ನು ಫಿಲ್ಮ್ ಎಷ್ಟು ತಡೆಯುತ್ತದೆ ಎಂದು ಅಳೆಯಲು ಪ್ರಯೋಗಾಲಯವೇ ಬೇಕು. ಆ ಅಳತೆಗೆ ಒಂದು ಅಂತರರಾಷ್ಟ್ರೀಯ ಮಾನಕ ಇದೆ, ಐಎಸ್‌ಒ 12312-2, 2015ರಲ್ಲಿ ಬಂದದ್ದು. ಅದರ ಪ್ರಕಾರ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಫಿಲ್ಮ್ ಒಳಗೆ ಬಿಡಬಹುದಾದದ್ದು ಹೆಚ್ಚೆಂದರೆ 0.0032%. ಅಂದರೆ ಮೂವತ್ತೊಂದು ಸಾವಿರದಲ್ಲಿ ಒಂದು ಪಾಲು. ನಾವು ಮಾರುವ ತಂಪು ಕನ್ನಡಕಗಳಲ್ಲಿ ಅತಿ ಕಪ್ಪಾದದ್ದು, ಹಿಮಪರ್ವತಕ್ಕೆ ಹೋಗುವವರು ಹಾಕುವಂಥದ್ದು, 3ರಿಂದ 8% ಬೆಳಕು ಬಿಡುತ್ತದೆ. ವ್ಯತ್ಯಾಸ ಕಡಿಮೆಯೆಂದರೂ ಸಾವಿರ ಪಟ್ಟಿಗೆ ಹತ್ತಿರ. ‘ನನ್ನ ಗಾಗಲ್ಸ್ ತುಂಬಾ ಡಾರ್ಕ್ ಇದೆ, ಅದರಲ್ಲೇ ನೋಡ್ಲಾ ಮೇಡಂ?’ ಎಂದು ಪ್ರತಿ ಗ್ರಹಣಕ್ಕೂ ಯಾರಾದರೂ ಕೇಳುತ್ತಾರೆ. ಎರಡು ಜೊತೆ ಒಂದರ ಮೇಲೊಂದು ಹಾಕಿಕೊಳ್ಳುತ್ತೇನೆ ಎಂದವರೂ ಇದ್ದಾರೆ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ಸಿಡಿ ತಟ್ಟೆ ಇವೆಲ್ಲ ಕಣ್ಣು ಕುಕ್ಕದಷ್ಟು ಕಪ್ಪಾಗಿರಬಹುದು. ಅವಕೆಂಪು ಕಿರಣ ಅವುಗಳಲ್ಲಿ ಸಲೀಸಾಗಿ ದಾಟಿಬಿಡಬಹುದು. ರೆಟಿನಾದಲ್ಲಿ, ಅಂದರೆ ಚಿತ್ರ ಮೂಡುವ ಕಣ್ಣಿನ ಒಳಪರದೆಯಲ್ಲಿ, ನೋವಿನ ನರಗಳಿಲ್ಲ, ಆದ್ದರಿಂದ ಒಳಗೆ ಕೆಡುತ್ತಿದ್ದರೂ ಗೊತ್ತಾಗುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ, ಎಷ್ಟೋ ಸಲ ಮರುದಿನ ಬೆಳಗ್ಗೆ, ನೋಟದ ಮಧ್ಯದಲ್ಲೇ ಒಂದು ಕಲೆ. 2017ರ ಆಗಸ್ಟ್ 21ರ ಗ್ರಹಣ ಮುಗಿದ ಮೇಲೆ ನ್ಯೂಯಾರ್ಕಿನ ವೈದ್ಯರು ಒಬ್ಬ ಯುವತಿಯ ರೆಟಿನಾದ ಚಿತ್ರ ತೆಗೆದರು. ಸುಟ್ಟ ಗುರುತು ಬಾಲಚಂದ್ರನ ಆಕಾರದಲ್ಲಿತ್ತು. ಅವಳು ನೋಡಿದ ಪಾರ್ಶ್ವ ಗ್ರಹಣದ ಸೂರ್ಯನೇ ಅಲ್ಲಿ ಅಚ್ಚಾಗಿತ್ತು.

ಈ ಕನ್ನಡಕದ ಕಡ್ಡಿಯ ಒಳಭಾಗದಲ್ಲಿ ಮಾನಕದ ಸಂಖ್ಯೆ, ತಯಾರಕರ ಹೆಸರು, ವಿಳಾಸ, ಬಳಸುವ ಕ್ರಮ ಎಲ್ಲ ಅಚ್ಚಾಗಿದೆ. ಅಚ್ಚು ಮಾಡುವುದೇನು ಮಹಾ, ನಕಲಿ ಮಾಲಿನ ಮೇಲೂ ಇದೇ ಸಂಖ್ಯೆ ಇರುತ್ತದೆ. 2017ರಲ್ಲಿ ಅಂಥ ಮಾಲು ಮಾರುಕಟ್ಟೆಗೆ ಬಂದದ್ದಕ್ಕೇ ಅಮೆರಿಕದ ಖಗೋಳ ಸಂಘ, ಅಂದರೆ ಅಮೆರಿಕನ್ ಆಸ್ಟ್ರಾನಾಮಿಕಲ್ ಸೊಸೈಟಿ, ನಂಬಬಹುದಾದ ತಯಾರಕರ ಪಟ್ಟಿ ಇಡಲು ಶುರು ಮಾಡಿತು. ನಾನು ಕೊಳ್ಳುವ ಮುಂಚೆ ನೋಡಿದ್ದು ಆ ಪಟ್ಟಿಯನ್ನು, ಮಾರುವವರ ಪುಟದ ನಕ್ಷತ್ರಗಳನ್ನಲ್ಲ.

ಈಗ ಹಾಕಿಕೊಳ್ಳುವ ವಿಷಯ. ಇಲ್ಲಿ ನನ್ನ ವೃತ್ತಿಯ ಕಣ್ಣಿಗೆ ಇದು ತೇರ್ಗಡೆ ಆಗುವುದೇ ಕಷ್ಟ. ಮೂಗಿಗೆ ಪ್ಯಾಡ್ ಇಲ್ಲ, ಬರೀ ಕತ್ತರಿಸಿದ ಕಮಾನು. ಕಡ್ಡಿಗೆ ಕಿವಿಯ ಹಿಂದೆ ಬಾಗು ಇದೆ, ಆದರೆ ರಟ್ಟಿಗೆ ಬಿಗಿ ಎಲ್ಲಿಂದ ಬರಬೇಕು? ತಲೆ ಎತ್ತಿ ನೋಡುತ್ತಿದ್ದರೆ ಹಿಂದಕ್ಕೆ ಜಾರುತ್ತದೆ. ಪವರ್ ಕನ್ನಡಕದವರು ಅದನ್ನು ತೆಗೆಯಬೇಡಿ, ಅದರ ಮೇಲೆಯೇ ಇದನ್ನು ಇಟ್ಟುಕೊಳ್ಳಿ. ನನ್ನಂಥ ಮೈನಸ್‌ನವರು ಪವರ್ ತೆಗೆದು ನೋಡಿದರೆ ಸೂರ್ಯ ಒಂದು ಹರಡಿದ ಕಿತ್ತಳೆ ಬೊಟ್ಟು, ಕಚ್ಚು ಯಾವುದು ಅಂಚು ಯಾವುದು ತಿಳಿಯುವುದಿಲ್ಲ. ಪವರ್ ಕನ್ನಡಕದ ಮೇಲೆ ರಟ್ಟಿನ ಕಡ್ಡಿ ಕಿವಿಗೆ ತಲುಪುವುದೇ ಇಲ್ಲ, ಕೈಯಲ್ಲೇ ಹಿಡಿದುಕೊಳ್ಳಬೇಕು. ಆದ್ದರಿಂದ ನಾನು ಕಡ್ಡಿಗಳನ್ನು ಒಳಕ್ಕೆ ಮಡಚಿ, ಎರಡು ಕೈಯಲ್ಲಿ ಎರಡು ತುದಿ ಹಿಡಿದು ನೋಡಿದೆ. ಮಕ್ಕಳಿಗಾದರೆ ಎರಡು ಕಡ್ಡಿಯ ತುದಿಗೆ ಎಲಾಸ್ಟಿಕ್ ಪಟ್ಟಿ ಸ್ಟೇಪಲ್ ಮಾಡಿ ತಲೆಯ ಹಿಂದೆ ಬರುವಂತೆ ಕೊಡಿ, ಪಿನ್ನಿನ ಮೊನೆ ಹೊರಮುಖವಾಗಿರಲಿ. ಮಕ್ಕಳ ಕಣ್ಣಿನ ಮಸೂರ ದೊಡ್ಡವರದಕ್ಕಿಂತ ತಿಳಿ, ಒಳಗೆ ಇಳಿಯುವ ನೀಲಿ ಬೆಳಕೂ ಹೆಚ್ಚು. ಅವರು ‘ಒಂದೇ ಒಂದು ಸಲ’ ಎಂದು ಬದಿಯಿಂದ ಇಣುಕುವುದನ್ನು ಆ ಎಲಾಸ್ಟಿಕ್ ತಪ್ಪಿಸುತ್ತದೆ.

ತಂಗಿಯ ಮಗ ಎಲಾಸ್ಟಿಕ್ ಬಿಗಿದುಕೊಂಡು ಮೇಲೆ ನೋಡಿದವನೇ ‘ದೊಡ್ಡಮ್ಮ, ಇಷ್ಟೇನಾ? ಸೂರ್ಯ ಇಷ್ಟು ಚಿಕ್ಕದಾ?’ ಅಂದ. ಅವನ ದೂರು ನ್ಯಾಯವಾದದ್ದೇ. ಫಿಲ್ಮ್ ಹಿಗ್ಗಿಸಿ ತೋರಿಸುವ ಲೆನ್ಸ್ ಅಲ್ಲ. ಸೂರ್ಯ ಆಕಾಶದಲ್ಲಿ ಹಿಡಿಯುವ ಜಾಗ ಅರ್ಧ ಡಿಗ್ರಿ. ಕೈ ನೀಟಾಗಿ ಚಾಚಿ ಕಿರುಬೆರಳು ಎತ್ತಿದರೆ ಅದರ ಅಗಲವೇ ಸುಮಾರು ಒಂದು ಡಿಗ್ರಿ. ಅದರ ಅರ್ಧ. ದಿನವೂ ಪ್ರಖರತೆಯಿಂದಾಗಿ ದೊಡ್ಡದು ಅನ್ನಿಸುವ ಸೂರ್ಯನ ನಿಜವಾದ ತಟ್ಟೆಯನ್ನು ಇದರಲ್ಲಿ ಮೊದಲ ಸಲ ನೋಡಿದವರು ಸ್ವಲ್ಪ ನಿರಾಶರಾಗುತ್ತಾರೆ. ಈ ಫಿಲ್ಮಿನಲ್ಲಿ ಬಣ್ಣ ಹದವಾದ ಕಿತ್ತಳೆ. ಲೋಹ ಲೇಪಿಸಿದ ಫಿಲ್ಮ್‌ಗಳಲ್ಲಿ ನೀಲಿ ಮಿಶ್ರಿತ ಬಿಳಿ ಕಾಣುತ್ತದೆ. ಎರಡೂ ಫಿಲ್ಮ್ ಹಚ್ಚಿದ ಬಣ್ಣ. ನನಗೆ ಕಿತ್ತಳೆಯೇ ಇಷ್ಟ, ಅಂಚು ಚೆನ್ನಾಗಿ ಕಡಿದಂತೆ ಕಾಣುತ್ತದೆ.

ಆ ಅಂಚಿನ ಸಲುವಾಗಿಯೇ ನಾಲ್ಕು ಅಂಕ. ಚಂದ್ರನ ಮೊದಲ ಸ್ಪರ್ಶದ ಸಮಯ ಎಂದು ಪಂಚಾಂಗದವರೂ ಖಗೋಳ ತಂತ್ರಾಂಶಗಳೂ ಕೊಡುವ ಕ್ಷಣದಲ್ಲಿ ಏನೂ ಕಾಣುವುದಿಲ್ಲ. ಚಂದ್ರ ಸೂರ್ಯನ ಮುಂದೆ ಗಂಟೆಗೆ ಹೆಚ್ಚುಕಡಿಮೆ ತನ್ನ ವ್ಯಾಸದಷ್ಟು ಸರಿಯುತ್ತಾನೆ. ಕನ್ನಡಕ ಹಾಕಿದ ಕಣ್ಣು ಗುರುತಿಸುವಷ್ಟು ಕಚ್ಚು ಬೀಳಲು ಒಂದೆರಡು ನಿಮಿಷವಾದರೂ ಬೇಕು. ನಾವು ನೋಡಿದ್ದು ಮಧ್ಯಾಹ್ನದ ಮೇಲಿನ ಗ್ರಹಣ, ಸೂರ್ಯ ಪಡುವಣಕ್ಕೆ ವಾಲಿದ್ದ. ಚಂದ್ರ ಸೂರ್ಯನ ಪಶ್ಚಿಮದ ಅಂಚಿನಿಂದಲೇ ಒಳಗೆ ಬರುವುದರಿಂದ ಕಚ್ಚು ಕೆಳಗಿನ ಅಂಚಿಗೆ ಬಿತ್ತು. ಮೊದಲು ಅಂಚು ಅಲ್ಲಿ ಸ್ವಲ್ಪ ಚಪ್ಪಟೆಯಾದಂತೆ ಅನುಮಾನ, ಆಮೇಲೆ ಖಚಿತವಾಗಿ ಒಂದು ಗುಳಿ. ಗುಳಿಯ ಒಳಗಿನ ಕಪ್ಪು ಸುತ್ತಲಿನ ಆಕಾಶದ ಕಪ್ಪಿನಿಂದ ಬೇರೆಯಲ್ಲ. ಅಂದರೆ ಚಂದ್ರ ಕಾಣುವುದಿಲ್ಲ, ಸೂರ್ಯನ ಒಂದು ಭಾಗ ಕಾಣದಿರುವುದು ಮಾತ್ರ ಕಾಣುತ್ತದೆ. ಮತ್ತೊಂದು ಸಂಗತಿಯನ್ನು ನೋಡುತ್ತಾ ಕೂತವರಷ್ಟೇ ಗಮನಿಸುತ್ತಾರೆ. ಪಾರ್ಶ್ವ ಗ್ರಹಣದಲ್ಲಿ ಕಚ್ಚು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದಿಲ್ಲ. ಅದು ಅಂಚಿನ ಗುಂಟ ನಿಧಾನವಾಗಿ ಹೊರಳುತ್ತಾ ಹೋಗಿ, ಸೂರ್ಯನ ಇನ್ನೊಂದು ಮಗ್ಗುಲಲ್ಲಿ ಬಿಟ್ಟುಕೊಡುತ್ತದೆ. ಎರಡು ಗಂಟೆಗೂ ಮೀರಿದ ಈ ಆಟದಲ್ಲಿ ಕೊಂಬುಗಳ, ಅಂದರೆ ಉಳಿದ ಸೂರ್ಯನ ಎರಡು ಚೂಪು ತುದಿಗಳ, ದಿಕ್ಕು ತಿರುಗುವುದನ್ನು ನೋಡುವುದೇ ನನಗೆ ಅತಿ ರುಚಿಯ ಭಾಗ.

ಇನ್ನು ಚೀಟಿಗೆ ಬರೋಣ. ನನ್ನ ಕೋಪವೆಲ್ಲ ಅದರ ಮೇಲೆ.

ಚೀಟಿಯಲ್ಲಿ ಒಂದು ಚಿತ್ರ. ಎಡಗಡೆ ಸೂರ್ಯ, ಮಧ್ಯೆ ಚಂದ್ರ, ಬಲಗಡೆ ಭೂಮಿ, ಒಂದೇ ಗೆರೆ ಎಳೆದ ಹಾಗೆ ನೇರಕ್ಕೆ. ಕೆಳಗೆ ವಿವರಣೆ: ಚಂದ್ರ ಭೂಮಿಯಿಂದ ದೂರ ಇದ್ದಾಗ ಚಿಕ್ಕದಾಗಿ ಕಾಣುವುದರಿಂದ ಸೂರ್ಯನನ್ನು ಪೂರ್ತಿ ಮುಚ್ಚಲಾರ, ಅದೇ ಪಾರ್ಶ್ವ ಗ್ರಹಣ. ತಪ್ಪು. ಅದು ಕಂಕಣ ಗ್ರಹಣದ ಕಾರಣ. ಚಂದ್ರ ದೂರವಿದ್ದು ಸರಿಯಾಗಿ ನಡುವೆ ಬಂದರೆ ಸುತ್ತಲೂ ಬಳೆ ಉಳಿಯುತ್ತದೆ. ಪಾರ್ಶ್ವ ಗ್ರಹಣದಲ್ಲಿ ಪ್ರಶ್ನೆ ಗಾತ್ರದ್ದಲ್ಲ, ಗೆರೆ ತಪ್ಪುವುದರದ್ದು. ಚೀಟಿಯ ಚಿತ್ರದಲ್ಲಿ ಇಲ್ಲದೇ ಇರುವುದೇ ಅದು.

ಚಿತ್ರ ಬರೆದವರು ಅಳತೆಗೆ ತಕ್ಕಂತೆ ಬರೆಯಲು ಕೂತಿದ್ದರೆ ಬಹುಶಃ ಅವರಿಗೇ ಹೊಳೆಯುತ್ತಿತ್ತು. ಭೂಮಿಯನ್ನು ಒಂದು ಸೆಂಟಿಮೀಟರ್ ಮಾಡಿ. ಚಂದ್ರ 2.7 ಮಿಲಿಮೀಟರ್, ಇರುವುದು 30 ಸೆಂಟಿಮೀಟರ್ ಆಚೆ. ಸೂರ್ಯನ ಅಡ್ಡಳತೆ ಒಂದು ಮೀಟರ್ ಒಂಬತ್ತು ಸೆಂಟಿಮೀಟರ್, ದೂರ ಸುಮಾರು 117 ಮೀಟರ್. ಇಷ್ಟು ದೂರದಲ್ಲಿ ಇಷ್ಟು ಸಣ್ಣ ಕಾಳು ಇಷ್ಟು ಸಣ್ಣ ಗುಂಡಿನ ಮೇಲೆ ನೆರಳು ಬೀರಬೇಕಾದರೆ ಮೂರೂ ಎಷ್ಟು ನೆಟ್ಟಗೆ ಬರಬೇಕು ಯೋಚಿಸಿ. ಸಾಮಾನ್ಯವಾಗಿ ಬರುವುದಿಲ್ಲ. ಅಮಾವಾಸ್ಯೆ ತಿಂಗಳಿಗೊಂದು ಇದ್ದರೂ ಗ್ರಹಣ ತಿಂಗಳಿಗೊಂದು ಇಲ್ಲದಿರುವುದು ಇದಕ್ಕೇ. ಚಂದ್ರನ ದಾರಿ ಭೂಮಿ-ಸೂರ್ಯರ ಸಮತಲಕ್ಕೆ 5 ಡಿಗ್ರಿಯಷ್ಟು ವಾಲಿದೆ. 3,84,400 ಕಿಲೋಮೀಟರ್ ದೂರದಲ್ಲಿ 5 ಡಿಗ್ರಿ ಎಂದರೆ ಚಂದ್ರ ಆ ಸಮತಲದಿಂದ ಸುಮಾರು 34,000 ಕಿಲೋಮೀಟರ್ ಮೇಲಕ್ಕೋ ಕೆಳಕ್ಕೋ ಹೋಗಬಲ್ಲ. ಭೂಮಿಯ ವ್ಯಾಸವೇ 12,742 ಕಿಲೋಮೀಟರ್. ಹೆಚ್ಚಿನ ಅಮಾವಾಸ್ಯೆಗಳಲ್ಲಿ ನೆರಳು ಭೂಮಿಯನ್ನು ಮುಟ್ಟದೆ ಬಾಹ್ಯಾಕಾಶದಲ್ಲಿ ದಾಟಿಹೋಗುತ್ತದೆ.

ನೆರಳು ತಾಗುವುದು, ಚಂದ್ರ ಆ ಸಮತಲವನ್ನು ದಾಟುವ ಎರಡು ಬಿಂದುಗಳ ಹತ್ತಿರ ಅಮಾವಾಸ್ಯೆ ಬಿದ್ದಾಗ. ರಾಹು, ಕೇತು ಎಂದು ನಮ್ಮ ಗಣಿತಜ್ಞರು ಲೆಕ್ಕ ಹಾಕಿದ್ದು ಈ ಬಿಂದುಗಳನ್ನೇ. ಸೂರ್ಯ ಅವುಗಳಲ್ಲಿ ಒಂದರ ಆಸುಪಾಸು ಇರುವ ಅವಧಿ ಸುಮಾರು 34 ದಿನ, ಆರು ತಿಂಗಳಿಗಿಂತ ಸ್ವಲ್ಪ ಮೊದಲೇ ಮತ್ತೊಂದು ಸರದಿ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. ಹಾಗಾಗಿ ಪ್ರತಿ ಸರದಿಯಲ್ಲಿ ಒಂದು ಸೂರ್ಯಗ್ರಹಣವಂತೂ ಕಟ್ಟಿಟ್ಟದ್ದು, ಕೆಲವೊಮ್ಮೆ ಎರಡು. ಎರಡು ಬಂದರೆ ಒಂದು ಸರದಿಯ ಆರಂಭದಲ್ಲಿ, ಇನ್ನೊಂದು ಕೊನೆಯಲ್ಲಿ, ಎರಡೂ ಬಿಂದುವಿನಿಂದ ದೂರ. ದೂರವಾದಷ್ಟೂ ಗುರಿ ತಪ್ಪುವುದು ಹೆಚ್ಚು, ಆದ್ದರಿಂದ ಅಂಥ ಜೋಡಿ ಸಾಮಾನ್ಯವಾಗಿ ಪಾರ್ಶ್ವ ಗ್ರಹಣಗಳೇ. 2018ರ ಜುಲೈ 13 ಮತ್ತು ಆಗಸ್ಟ್ 11ರದ್ದು ಹಾಗೆ ಬಂದ ಜೋಡಿ. 2011ರಲ್ಲಂತೂ ನಾಲ್ಕು ಸೂರ್ಯಗ್ರಹಣ, ನಾಲ್ಕೂ ಪಾರ್ಶ್ವ.

ಗುರಿ ತಪ್ಪುವುದೆಂದರೆ ಏನು? ಚಂದ್ರನಿಗೆ ಎರಡು ನೆರಳು. ಒಂದು ದಟ್ಟ ನೆರಳು, ಚೂಪಾಗುತ್ತಾ ಬಂದು ಭೂಮಿಯ ದೂರಕ್ಕೆ ಬರುವಷ್ಟರಲ್ಲಿ ಮೊನೆಯಷ್ಟೇ ಉಳಿಯುವಂಥದ್ದು. ಅದು ನೆಲದ ಮೇಲೆ ಮಾಡುವ ಪಟ್ಟಿ ಸಾಮಾನ್ಯವಾಗಿ ನೂರರಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ಅಗಲ. ಇನ್ನೊಂದು ಅರೆನೆರಳು, ಸುತ್ತ ಅಗಲವಾಗುತ್ತಾ ಹೋಗುವಂಥದ್ದು, ಭೂಮಿಯ ಬಳಿ ಸುಮಾರು 7,000 ಕಿಲೋಮೀಟರ್ ಹರಡಿರುತ್ತದೆ. ಅರೆನೆರಳಲ್ಲಿ ನಿಂತವರಿಗೆ ಸೂರ್ಯನ ಒಂದು ಪಾಲು ಕಾಣುತ್ತದೆ, ಒಂದು ಪಾಲು ಕಾಣುವುದಿಲ್ಲ. ಪಾರ್ಶ್ವ ಗ್ರಹಣ ಎಂದರೆ ಅಷ್ಟೇ.

ಅದು ಎರಡು ರೀತಿಯಲ್ಲಿ ಒದಗುತ್ತದೆ, ಚೀಟಿಯವರಿಗೆ ಇದರ ಸುಳಿವೇ ಇಲ್ಲ. ಒಂದು, ದಟ್ಟ ನೆರಳು ಬೇರೆಲ್ಲೋ ನೆಲಕ್ಕೆ ಬಿದ್ದು ಅಲ್ಲಿನವರಿಗೆ ಪೂರ್ಣ ಗ್ರಹಣವಾಗುತ್ತಿರುತ್ತದೆ, ನಾವು ಪಟ್ಟಿಯ ಹೊರಗಿದ್ದೇವೆ. ಇನ್ನೊಂದು, ದಟ್ಟ ನೆರಳು ಭೂಮಿಯನ್ನು ಮುಟ್ಟುವುದೇ ಇಲ್ಲ. ಉತ್ತರ ಧ್ರುವದ ಮೇಲಿನಿಂದಲೋ ದಕ್ಷಿಣ ಧ್ರುವದ ಕೆಳಗಿನಿಂದಲೋ ಜಾರಿಹೋಗುತ್ತದೆ, ಅರೆನೆರಳು ಮಾತ್ರ ಸವರುತ್ತದೆ. ಆಗ ಪೂರ್ಣ ಗ್ರಹಣ ಭೂಮಿಯಲ್ಲಿ ಯಾರಿಗೂ ಇಲ್ಲ. 2022ರ ಅಕ್ಟೋಬರ್ 25ರ ಗ್ರಹಣ ಹಾಗಿತ್ತು, ಅತಿ ಹೆಚ್ಚು ಕಂಡ ರಷ್ಯಾದ ಪಶ್ಚಿಮ ಸೈಬೀರಿಯಾದಲ್ಲೂ ವ್ಯಾಸದ 86% ಮುಚ್ಚಿತ್ತು, ಅಷ್ಟೇ. 2025ರ ಸೆಪ್ಟೆಂಬರ್ 21ರದ್ದು ದಕ್ಷಿಣದ ಕಡೆ, ನ್ಯೂಜಿಲೆಂಡ್ ಮತ್ತು ಅಂಟಾರ್ಕ್ಟಿಕಾ ಸವರಿಕೊಂಡು ಹೋಯಿತು. ಇವು ಅಪರೂಪ ಎಂದುಕೊಳ್ಳಬೇಡಿ. ಫ್ರೆಡ್ ಎಸ್ಪೆನಾಕ್ ಮತ್ತು ಜಾನ್ ಮೀಯಸ್ ನಾಸಾಕ್ಕಾಗಿ ಐದು ಸಾವಿರ ವರ್ಷಗಳ ಸೂರ್ಯಗ್ರಹಣಗಳ ಪಟ್ಟಿ ಮಾಡಿದ್ದಾರೆ. ಒಟ್ಟು 11,898ರಲ್ಲಿ 4,200 ಹೀಗೆ ಬರೀ ಪಾರ್ಶ್ವ, ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಪೂರ್ಣ ಗ್ರಹಣಗಳ ಸಂಖ್ಯೆ ಇದಕ್ಕಿಂತ ಕಡಿಮೆ.

ಒಂದೇ ಗ್ರಹಣ ಒಂದು ಕಡೆ ಸಣ್ಣ ಕಚ್ಚು, ಇನ್ನೊಂದು ಕಡೆ ಮುಕ್ಕಾಲು ಏಕೆ ಎನ್ನುವುದನ್ನೂ ಚೀಟಿ ಹೇಳುವುದಿಲ್ಲ. ಚಂದ್ರ ನಮಗೆ ಹತ್ತಿರ. ಭೂಮಿಯ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೋದರೆ ಹಿನ್ನೆಲೆಯ ಎದುರು ಅವನು ಸುಮಾರು 2 ಡಿಗ್ರಿ, ಅಂದರೆ ತನ್ನ ಅಗಲದ ನಾಲ್ಕರಷ್ಟು, ಸರಿದಂತೆ ಕಾಣುತ್ತಾನೆ. ಸೂರ್ಯ ನಾನೂರು ಪಟ್ಟು ದೂರ, ಅವನು ಅಲುಗುವುದೇ ಇಲ್ಲ ಎನ್ನಬಹುದು. ನೂರಾರು ಕಿಲೋಮೀಟರ್ ಆಚೆ ಇರುವ ನೆಂಟರ ಫೋಟೋದಲ್ಲಿ ಕಚ್ಚು ಬೇರೆ ಆಳದಲ್ಲಿದ್ದರೆ ಇದೇ ಕಾರಣ.

ಚೀಟಿಯ ಎರಡನೇ ಅಪರಾಧ ಶೇಕಡಾ ಲೆಕ್ಕ. ‘50% ಗ್ರಹಣವಾದರೆ ಬೆಳಕು ಅರ್ಧ ಆಗುತ್ತದೆ, ಪಕ್ಷಿಗಳು ಗೂಡು ಸೇರುತ್ತವೆ’ ಎಂದು ಬರೆದಿದ್ದಾರೆ. ಗ್ರಹಣದ ಪ್ರಮಾಣ ಎಂದು ಸಾಮಾನ್ಯವಾಗಿ ಕೊಡುವುದು ವ್ಯಾಸದಲ್ಲಿ ಎಷ್ಟು ಮುಚ್ಚಿತು ಎಂಬುದನ್ನು, ವಿಸ್ತೀರ್ಣವನ್ನಲ್ಲ. ಅರ್ಧ ವ್ಯಾಸ ಮುಚ್ಚಿದರೆ ಮರೆಯಾಗುವ ವಿಸ್ತೀರ್ಣ ಸುಮಾರು 39%. ಉಳಿದ 61% ಬೆಳಕು ಕ್ಯಾಮೆರಾದವರ ಲೆಕ್ಕದಲ್ಲಿ ಒಂದು ಸ್ಟಾಪ್ (ಬೆಳಕು ಅರ್ಧಕ್ಕೆ ಇಳಿಯುವುದು) ಇಳಿಕೆಯೂ ಅಲ್ಲ, ಕಣ್ಣಿಗಂತೂ ಗೊತ್ತೇ ಆಗುವುದಿಲ್ಲ. ನಮ್ಮಲ್ಲಿ ಆವತ್ತು ಹೆಚ್ಚುಕಡಿಮೆ ಅರ್ಧ ವ್ಯಾಸವೇ ಮುಚ್ಚಿತ್ತು. ಚೀಟಿ ಓದಿಕೊಂಡಿದ್ದ ತಂಗಿಯ ಮಗ ‘ಕತ್ತಲೆ ಯಾವಾಗ ಆಗುತ್ತೆ ದೊಡ್ಡಮ್ಮ?’ ಎಂದು ಐದೈದು ನಿಮಿಷಕ್ಕೆ ಕೇಳುತ್ತಿದ್ದ. ‘ಆಗಲ್ಲ ಕಣೋ’ ಅಂದರೆ ‘ಇದರಲ್ಲಿ ಬರ್ದಿದಾರಲ್ಲ!’ ಎಂದು ಚೀಟಿ ನನ್ನ ಮುಖಕ್ಕೇ ಹಿಡಿದ. ಅಚ್ಚಾದ ಕಾಗದದ ಎದುರು ದೊಡ್ಡಮ್ಮನ ಮಾತು ಯಾವ ಲೆಕ್ಕ. ಗ್ರಹಣ ಬಿಡುವ ಹೊತ್ತಿಗೂ ಬಿಸಿಲು ಹಾಗೇ ಇತ್ತು, ಅವನ ಮುಖ ಸಪ್ಪಗಾಗಿತ್ತು. ಕನ್ನಡಕದ ಇನ್ನರ್ಧ ಅಂಕ ನಾನು ಕಳೆದದ್ದಲ್ಲ, ಅವನು ಕಳೆದದ್ದು.

ಇದು ಬರೀ ನಿರಾಶೆಯ ಮಾತಾಗಿದ್ದರೆ ಬಿಡಬಹುದಿತ್ತು. ಕತ್ತಲೆ ಆಗುತ್ತದೆ ಎಂದು ನಂಬಿದವರು ಕನ್ನಡಕ ತೆಗೆಯುತ್ತಾರೆ. ಪೂರ್ಣ ಗ್ರಹಣ ನೋಡುವವರಿಗೆ, ಸೂರ್ಯ ಪೂರ್ತಿ ಮುಚ್ಚಿದ ಆ ಕೆಲವು ನಿಮಿಷ ಮಾತ್ರ, ಬರಿಗಣ್ಣಿನ ರಜೆ ಇದೆ. ಪಾರ್ಶ್ವ ಗ್ರಹಣದಲ್ಲಿ ಅಂಥ ಒಂದು ಕ್ಷಣವೂ ಇಲ್ಲ. ಸೂರ್ಯನ 99% ಮರೆಯಾಗಿ ಒಂದೇ ಒಂದು ಶೇಕಡಾ ಉಳಿದಿದ್ದರೂ ಅದು ಸುಮಾರು ನಾಲ್ಕು ಸಾವಿರ ಹುಣ್ಣಿಮೆ ಚಂದ್ರರ ಬೆಳಕು. ಉಳಿದ ಚೂರಿನ ಪ್ರತಿ ಭಾಗದ ಪ್ರಖರತೆಯೂ ಎಂದಿನದೇ, ರೆಟಿನಾದ ಮೇಲೆ ಬೀಳುವ ಚಿತ್ರದ ಗಾತ್ರ ಮಾತ್ರ ಸಣ್ಣದು. ಇದನ್ನು ದಪ್ಪ ಅಕ್ಷರದಲ್ಲಿ ಹಾಕುವ ಬದಲು ಪಕ್ಷಿಗಳ ಕಥೆ ಹಾಕಿದ್ದಾರೆ.

ಮೂರನೆಯದು ಸಣ್ಣದು. ಮೂರು ನಿಮಿಷಕ್ಕಿಂತ ಹೆಚ್ಚು ನೋಡಬೇಡಿ, ಮೂರು ವರ್ಷವಾದ ಮೇಲೆ ಎಸೆಯಿರಿ ಎಂಬ ಸಾಲುಗಳು. ಇವು ಹಳೆಯ ಕಾಲದ ಎಚ್ಚರಿಕೆಗಳು. 2015ರ ಮಾನಕಕ್ಕೆ ಸರಿಹೊಂದುವ, ಗೀರಿಲ್ಲದ, ಕಿತ್ತುಬಾರದ ಕನ್ನಡಕಕ್ಕೆ ಇವು ಅನ್ವಯಿಸುವುದಿಲ್ಲ ಎಂದು ಅದೇ ಖಗೋಳ ಸಂಘ ಹೇಳುತ್ತದೆ. ಕಡ್ಡಿಯ ಮೇಲೆ ಹೊಸ ಮಾನಕ, ಚೀಟಿಯಲ್ಲಿ ಹಳೆಯ ಎಚ್ಚರಿಕೆ, ಒಂದೇ ಪ್ಯಾಕೆಟ್ಟಿನಲ್ಲಿ! ಕಂಪನಿಗೆ ಬರೆದೆ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಉತ್ತರ ಬಂತು.

ಬಳಸುವ ಕ್ರಮದಲ್ಲಿ ಚೀಟಿ ಸರಿ ಹೇಳಿದ್ದು ಒಂದಿದೆ. ತಲೆ ತಗ್ಗಿಸಿ ಹಾಕಿಕೊಂಡು ಆಮೇಲೆ ಮೇಲೆ ನೋಡಿ, ತೆಗೆಯುವಾಗ ಮೊದಲು ಮುಖ ತಿರುಗಿಸಿ. ಅದಕ್ಕೆ ನಾನು ಸೇರಿಸುವುದು: ಇದನ್ನು ಹಾಕಿಕೊಂಡು ಬೈನಾಕ್ಯುಲರ್, ದೂರದರ್ಶಕ, ಕ್ಯಾಮೆರಾದ ಕಿಂಡಿ ಇವುಗಳಲ್ಲಿ ನೋಡಲೇಬೇಡಿ. ಅವುಗಳ ಮುಂದಿನ ಲೆನ್ಸ್ ಒಟ್ಟುಮಾಡಿದ ಬಿಸಿಲು ಈ ತೆಳು ಫಿಲ್ಮನ್ನು ಸುಟ್ಟು ತೂತು ಮಾಡಬಲ್ಲದು, ತೂತಿನ ಹಿಂದೆ ಇರುವುದು ನಿಮ್ಮ ಕಣ್ಣು. ಅವಕ್ಕೆ ಫಿಲ್ಟರ್ ಬೇಕಾದ್ದು ಮುಂದಿನ ಬಾಯಿಗೆ. ಮೊಬೈಲ್ ಕ್ಯಾಮೆರಾದ ಮುಂದೆ ಫಿಲ್ಮ್ ಹಿಡಿದು ತಂಗಿ ಫೋಟೋ ತೆಗೆದಳು. ಬಂತು, ಆದರೆ ಅಕ್ಕಿಕಾಳಷ್ಟು.

ಕನ್ನಡಕ ಸಿಗದಿದ್ದರೆ ಅದಿಲ್ಲದೆಯೂ ಗ್ರಹಣ ನೋಡಬಹುದು, ಬೆನ್ನು ಮಾಡಿ. ರಟ್ಟಿನಲ್ಲಿ ಒಂದೆರಡು ಮಿಲಿಮೀಟರಿನ ತೂತು ಮಾಡಿ, ಬಿಸಿಲು ಅದರಲ್ಲಿ ಹಾದು ಬಿಳಿ ಹಾಳೆಯ ಮೇಲೆ ಬೀಳಲಿ. ತೂತಿಗೂ ಹಾಳೆಗೂ ಇರುವ ದೂರವನ್ನು ಸುಮಾರು 107ರಿಂದ ಭಾಗಿಸಿದರೆ ಬರುವಷ್ಟು ದೊಡ್ಡ ಸೂರ್ಯ ಮೂಡುತ್ತಾನೆ, ತಲೆಕೆಳಗಾಗಿ. ಒಂದು ಮೀಟರಿಗೆ ಒಂಬತ್ತು ಮಿಲಿಮೀಟರ್. ಜರಡಿ ಹಿಡಿದರೆ ಒಂದರ ಬದಲು ನೂರು ಸೂರ್ಯರು, ಎಲ್ಲಕ್ಕೂ ಕಚ್ಚು. ಮರದ ಕೆಳಗೆ ಎಲೆಗಳ ಸಂದೇ ಈ ಕೆಲಸ ಮಾಡಿರುತ್ತದೆ, ನೆಲವೆಲ್ಲ ಬಾಲಚಂದ್ರ. ತಂಗಿಯ ಮಗನ ಮುಖ ಗೆಲುವಾಗಿದ್ದು ಅಲ್ಲಿಯೇ. ಆದರೆ ಕಚ್ಚು ಶುರುವಾಗುವ ಮೊದಲ ಗುಳಿ, ಕೊಂಬಿನ ಚೂಪು ಇವೆಲ್ಲ ಇದರಲ್ಲಿ ಮಸುಕು. ಅವು ಬೇಕಾದರೆ ಫಿಲ್ಮೇ ಬೇಕು. ವೆಲ್ಡಿಂಗ್ ಗಾಜಿನಲ್ಲಿ 14ನೇ ನಂಬರಿನದ್ದು ಆಗುತ್ತದೆ, ಸೂರ್ಯ ಹಸಿರಾಗಿ ಕಾಣುತ್ತಾನೆ, ಕೈ ನೋಯುತ್ತದೆ. ಅದಕ್ಕಿಂತ ತೆಳು ನಂಬರಿನದ್ದು ಬೇಡ.

ಯಾರು ಕೊಳ್ಳಬಹುದು? ಕತ್ತಲೆ, ನಕ್ಷತ್ರ, ರೋಮಾಂಚನ ಬಯಸುವವರು ಪೂರ್ಣ ಗ್ರಹಣದ ಪಟ್ಟಿಗೆ ಪ್ರಯಾಣ ಹೊರಡಿ. 2026ರ ಆಗಸ್ಟ್ 12ಕ್ಕೆ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಸ್ಪೇನ್. 2027ರ ಆಗಸ್ಟ್ 2ಕ್ಕೆ ಸ್ಪೇನಿನ ದಕ್ಷಿಣ ತುದಿಯಿಂದ ಈಜಿಪ್ಟಿನ ಲಕ್ಸರ್ ಕಡೆಗೆ. ಅಲ್ಲೂ ಮೊದಲ ಒಂದು ಗಂಟೆ, ಕೊನೆಯ ಒಂದು ಗಂಟೆ ಪಾರ್ಶ್ವವೇ, ಈ ಕನ್ನಡಕ ಬೇಕೇ ಬೇಕು. ಒಂದು ದೊಡ್ಡ ಕಪ್ಪು ಅಂಚು ಸದ್ದಿಲ್ಲದೆ ಸೂರ್ಯನ ಮೇಲೆ ಹೊರಳಿಹೋಗುವುದನ್ನು ತಾಳ್ಮೆಯಿಂದ ನೋಡಬಲ್ಲವರಿಗೆ ಇದಿಷ್ಟೇ ಸಾಕು. ಗ್ರಹಣವಿಲ್ಲದ ದಿನವೂ ಇದನ್ನು ಹಾಕಿಕೊಂಡು ನೋಡಬಹುದು, ದೊಡ್ಡ ಸೂರ್ಯಕಲೆಗಳಿದ್ದರೆ ದೂರದರ್ಶಕವಿಲ್ಲದೆಯೇ ಚುಕ್ಕೆಯಂತೆ ಸಿಗುತ್ತವೆ. 2029ರಲ್ಲಿ ಬರುವ ನಾಲ್ಕು ಸೂರ್ಯಗ್ರಹಣಗಳೂ ಪಾರ್ಶ್ವವೇ, ಜೋಪಾನ ಮಾಡಿದರೆ ಅಷ್ಟರವರೆಗೂ ಇದು ಬಾಳುತ್ತದೆ.

ಜೋಪಾನ ಎಂದರೆ ಇಷ್ಟು: ಗಟ್ಟಿ ಪುಸ್ತಕದೊಳಗೆ ಚಪ್ಪಟೆಯಾಗಿಡಿ, ನೀರು ತಾಗಿಸಬೇಡಿ, ಲೆನ್ಸ್ ಒರೆಸುವ ದ್ರವ ಹಾಕಲೇಬೇಡಿ, ಧೂಳಿದ್ದರೆ ಒಣ ಮೆತ್ತನೆ ಬಟ್ಟೆಯಿಂದ ಒತ್ತದೆ ಸವರಿ. ಪ್ರತಿ ಸಲ ಬಳಸುವ ಮುನ್ನ ಟಾರ್ಚಿನ ಪರೀಕ್ಷೆ. ತೂತು ಬಿದ್ದದ್ದನ್ನು ಹಾಗೇ ಕಸಕ್ಕೆ ಎಸೆಯಬೇಡಿ, ಯಾವುದೋ ಮಗು ಎತ್ತಿಕೊಂಡು ಹಾಕಿಕೊಂಡೀತು. ಕತ್ತರಿ ತೆಗೆದುಕೊಂಡು ಎರಡೂ ಫಿಲ್ಮನ್ನು ಅಡ್ಡಡ್ಡ ಕತ್ತರಿಸಿ ಹಾಕಿ. ಚೀಟಿಯನ್ನೂ ಅದರ ಜೊತೆಗೇ ಹಾಕಬಹುದು.